ಗಡಿಗೆ ಸುರಿದ ಮಣ್ಣು

ರೋಗ ಹರಡುವಾಗ ಗಡಿ ಮುಚ್ಚಬೇಕಾ ಬೇಡವಾ ಅನ್ನೋ ಜಗಳ ಪ್ರತಿ ಸಲವೂ ಹೊಸದಾಗಿ ಶುರುವಾಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ನಿಪಾ ಬಂದಾಗ ಆಯಿತು. 2024ರಲ್ಲಿ ಮಲಪ್ಪುರಂನಲ್ಲಿ ಬಂದಾಗಲೂ ಆಯಿತು. ಒಂದು ಕಡೆ "ಮೊದಲು ಬಂದ್ ಮಾಡಿ, ಆಮೇಲೆ ಮಾತಾಡೋಣ" ಅನ್ನುವವರು. ಇನ್ನೊಂದು ಕಡೆ "ಬಂದ್ ಮಾಡಿದ್ರೆ ವೈರಸ್ ನಿಲ್ಲುತ್ತಾ" ಅನ್ನುವವರು. ಹೀಗೆ ಜಗಳವಾಡುವವರಲ್ಲಿ ಹೆಚ್ಚಿನವರಿಗೆ ಆ ಗಡಿ ದಾಟುವ ಅಗತ್ಯವೇ ಇರುವುದಿಲ್ಲ. ನನ್ನನ್ನು ಚುಚ್ಚುವುದು ಅದೇ. ನಾನು ಮಂಜೇಶ್ವರ ತಾಲೂಕಿನವಳು. ಕೇರಳದ ರೇಷನ್ ಕಾರ್ಡು, ಕನ್ನಡ ಶಾಲೆ, ಮಂಗಳೂರಿನ ಆಸ್ಪತ್ರೆ, ನಮ್ಮ ಕಡೆಯ ಬದುಕು ಅಂದರೆ ಈ ಮೂರೂ ಸೇರಿದ್ದು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಹೆದರಿಕೆಗೆ ಕರ್ನಾಟಕ ಕೇರಳದ ಕಡೆಯ ಗಡಿ ಮುಚ್ಚಿದಾಗ ತಲಪಾಡಿಯಲ್ಲಿ ಆದದ್ದನ್ನು ಒಂದು ಸಲ ಕೂತು ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮಂಗಳೂರಿನಿಂದ ತೆಂಕಕ್ಕೆ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಹೊರಟರೆ ತೊಕ್ಕೊಟ್ಟು, ಕೋಟೆಕಾರು ದಾಟಿದ ಮೇಲೆ ತಲಪಾಡಿ. ಅಲ್ಲಿಗೆ ಕರ್ನಾಟಕ ಮುಗಿಯಿತು. ಆಚೆ ಕುಂಜತ್ತೂರು, ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು. ಮುಗಿಯಿತು ಅಂದರೆ ನಕಾಶೆಯಲ್ಲಿ ಮಾತ್ರ. ಎರಡೂ ಕಡೆ ಒಂದೇ ತುಳು, ಒಂದೇ ಕನ್ನಡ, ಒಂದೇ ಬ್ಯಾರಿ ಭಾಷೆ. ಮೀನು, ಮಲ್ಲಿಗೆ, ಮದುವೆ ಸಂಬಂಧ ಎಲ್ಲ ಆಚೆಯಿಂದ ಈಚೆಗೆ ಹೋಗಿಬರುತ್ತಲೇ ಇರುತ್ತದೆ. ಮಂಗಳೂರಿನ ಸುತ್ತಮುತ್ತ ಏಳೆಂಟು ಮೆಡಿಕಲ್ ಕಾಲೇಜುಗಳಿವೆ. ಕಾಸರಗೋಡು ಜಿಲ್ಲೆಯಲ್ಲಿ ಹದಿಮೂರು ಲಕ್ಷ ಜನ, 2020ರ ಮಾರ್ಚಿನಲ್ಲಿ ಅಲ್ಲಿ ನಡೆಯುತ್ತಿದ್ದ ಮೆಡಿಕಲ್ ಕಾಲೇಜು ಒಂದೂ ಇರಲಿಲ್ಲ. ಉಕ್ಕಿನಡ್ಕದಲ್ಲಿ 2013ರಲ್ಲೇ ಕಲ್ಲು ಹಾಕಿದ್ದರು, ಕಟ್ಟಡ ಅರ್ಧಂಬರ್ಧ ನಿಂತಿತ್ತು. ಪರಿಯಾರಂ ಮೆಡಿಕಲ್ ಕಾಲೇಜು ಇರುವುದು ಕಣ್ಣೂರು ಜಿಲ್ಲೆಯಲ್ಲಿ, ಮಂಜೇಶ್ವರದಿಂದ ನೂರು ಕಿಲೋಮೀಟರ್ ಆಸುಪಾಸು. ಮಂಗಳೂರು ಇಪ್ಪತ್ತೇ ಕಿಲೋಮೀಟರ್. ಎದೆನೋವು ಬಂದರೆ, ಹೆರಿಗೆ ನೋವು ಬಂದರೆ, ಮಗುವಿಗೆ ಫಿಟ್ಸ್ ಬಂದರೆ ಯಾವ ಕಡೆ ಗಾಡಿ ತಿರುಗಿಸಬೇಕು ಅಂತ ನಮ್ಮಲ್ಲಿ ಯಾರೂ ಯೋಚನೆ ಮಾಡುವುದಿಲ್ಲ. ಎಣ್ಮಕಜೆ, ಪಡ್ರೆ ಕಡೆಯ, ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತರಾದ ಮಕ್ಕಳ ತಾಯಂದಿರೂ ವರ್ಷಗಟ್ಟಲೆ ಇದೇ ದಾರಿಯಲ್ಲಿ ಬಂದುಹೋದವರು.

ಆ ಹೊತ್ತಿಗೆ ಮಂಗಳೂರಿನವರಿಗೆ ಇದ್ದ ಹೆದರಿಕೆ ಸುಳ್ಳಾಗಿರಲಿಲ್ಲ. ಇದನ್ನು ನಾನು ಮೊದಲೇ ಹೇಳಬೇಕು. ದೇಶದ ಮೊದಲ ಕೊರೊನಾ ಸಾವು ಆದದ್ದೇ ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಇನ್ನು ಕಾಸರಗೋಡಿನಲ್ಲಿ ಗಲ್ಫಿನಿಂದ ಬಂದವರಲ್ಲಿ ಸೋಂಕು ದಿನದಿಂದ ದಿನಕ್ಕೆ ಏರುತ್ತಿತ್ತು. ಮಾರ್ಚ್ 27ರಂದು ಇಡೀ ಕೇರಳದಲ್ಲಿ ಹೊಸದಾಗಿ ಸಿಕ್ಕಿದ 39 ಪ್ರಕರಣಗಳಲ್ಲಿ 34 ಕಾಸರಗೋಡಿನದ್ದು. ಟೆಸ್ಟ್ ಕಿಟ್ ಕಡಿಮೆ, ಮಾಸ್ಕ್ ಕಡಿಮೆ, ಪಿಪಿಇ ಅನ್ನೋ ಶಬ್ದವನ್ನೇ ಜನ ಆಗಷ್ಟೇ ಕೇಳಿದ್ದು. ಅಂಥ ಹೊತ್ತಿನಲ್ಲಿ ಒಬ್ಬ ಜಿಲ್ಲಾಧಿಕಾರಿ ಓಡಾಟ ಕಡಿಮೆ ಮಾಡಬೇಕು ಅಂದುಕೊಂಡರೆ ಅದನ್ನು ಕ್ರೌರ್ಯ ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಮದುವೆ, ಜಾತ್ರೆ, ಪೇಟೆ ಸುತ್ತಾಟ ಎಲ್ಲ ನಿಲ್ಲಬೇಕಿತ್ತು. ನಿಂತದ್ದು ಸರಿಯೇ.

ಆದರೆ ಆದದ್ದು ಅಷ್ಟೇ ಅಲ್ಲ. ಹೆದ್ದಾರಿಯಲ್ಲಿ ಬ್ಯಾರಿಕೇಡ್ ಬಂತು. ಒಳರಸ್ತೆಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದರು. ಕೊಡಗಿನಿಂದ ಕಣ್ಣೂರಿಗೆ ಇಳಿಯುವ ಮಾಕುಟ್ಟದ ದಾರಿಗೂ ಮಣ್ಣು ಬಿತ್ತು. ಪೊಲೀಸ್ ಇದ್ದ ಕಡೆ ಕಾಗದ ತೋರಿಸಬಹುದು, ಕೈಮುಗಿಯಬಹುದು, ಮೇಲಿನವರಿಗೆ ಫೋನ್ ಮಾಡಿ ಅಂತ ಕೇಳಿಕೊಳ್ಳಬಹುದು. ಮಣ್ಣಿನ ರಾಶಿಯ ಹತ್ತಿರ ಏನು ಕೇಳುವುದು? ಆಂಬುಲೆನ್ಸ್ ಒಳಗೆ ಇರುವವರು ಯಾರು, ಅವರಿಗೆ ಏನು ಕಾಯಿಲೆ, ಎಷ್ಟು ಹೊತ್ತು ಉಳಿದಿದೆ, ಇದನ್ನು ನೋಡಲಿಕ್ಕೆ ಅಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಗಡಿ ಮುಚ್ಚಿದ ಬಗ್ಗೆ ನನ್ನ ತಕರಾರು ಪೂರ್ತಿ ಇಷ್ಟೇ. ಮುಚ್ಚಿದ್ದಕ್ಕಲ್ಲ, ಕೇಳಲಿಕ್ಕೆ ಒಂದು ಕಿವಿಯನ್ನೂ ಬಿಡದೆ ಮುಚ್ಚಿದ್ದಕ್ಕೆ.

ನನ್ನ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಆಗ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ವಾರಕ್ಕೆ ಎರಡು ಸಲ. ಬೆಳಿಗ್ಗೆ ಬೇಗ ಎದ್ದು ಗಂಜಿ ಕುಡಿದು ಬಸ್ಸಿಗೆ ಹೋಗುವುದು, ನಾಲ್ಕು ತಾಸು ಮಲಗುವುದು, ಸಂಜೆ ಸುಸ್ತಾಗಿ ಬರುವುದು. ಗಡಿ ಮುಚ್ಚಿದ ಮೇಲೆ ಒಂದು ಸಲದ್ದು ತಪ್ಪಿತು. ಮತ್ತೊಂದೂ ತಪ್ಪಿತು. ಡಯಾಲಿಸಿಸ್ ತಪ್ಪಿದರೆ ಮನೆಯೊಳಗೆ ಏನಾಗುತ್ತದೆ ಅಂತ ಟಿವಿಯಲ್ಲಿ ಚರ್ಚೆ ಮಾಡುವವರು ನೋಡಿರುವುದಿಲ್ಲ. ಮೊದಲು ನೀರಿನ ಲೆಕ್ಕ ಶುರುವಾಗುತ್ತದೆ. ಅತ್ತೆ ಒಂದು ಸಣ್ಣ ಸ್ಟೀಲ್ ಲೋಟ ಇಟ್ಟುಕೊಂಡಿದ್ದರು, ದಿನಕ್ಕೆ ಅಷ್ಟರಲ್ಲೇ. ಏಪ್ರಿಲ್ ಸೆಕೆಗೆ ಬಾಯಿ ಒಣಗಿದರೆ ಬಟ್ಟೆ ಒದ್ದೆ ಮಾಡಿ ತುಟಿ ಒರೆಸಿಕೊಳ್ಳುವುದು. ಆಮೇಲೆ ಕಾಲು ಊದಿಕೊಳ್ಳುತ್ತದೆ. ಮೊಣಕಾಲಿನ ಕೆಳಗೆ ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಬಹಳ ಹೊತ್ತು ಹಾಗೇ ಇರುತ್ತದೆ. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಹಾಗಾಗಿ ದಿಂಬು ಒರಗಿಸಿಕೊಂಡು ಕೂತೇ ನಿದ್ದೆ. ನಾನು ಆಗ ಬೆಂಗಳೂರಿನಲ್ಲಿದ್ದೆ, ವಿಡಿಯೋ ಕಾಲ್‌ನಲ್ಲಿ ಅವರ ಮುಖ ದಿನದಿಂದ ದಿನಕ್ಕೆ ದಪ್ಪವಾಗುವುದನ್ನು ನೋಡುತ್ತಿದ್ದೆ.

"ನಾನೇನು ಮಂಗಳೂರಿಗೆ ಪೇಟೆ ತಿರುಗ್ಲಿಕ್ಕೆ ಹೋಗುದಾ ಮಗಾ? ರಕ್ತ ತೊಳೀಲಿಕ್ಕೆ ಅಲ್ವಾ ಹೋಗುದು," ಅಂದರು ಒಂದು ದಿನ. ನಾನು "ಹೌದತ್ತೆ, ಏನಾದ್ರೂ ಮಾಡ್ತಾರೆ, ಹೆದರ್ಬೇಡಿ" ಅಂದೆ. ಬೇರೆ ಏನು ಹೇಳುವುದು? ಆಮೇಲೆ ಕಾಸರಗೋಡಿನಲ್ಲಿ ಒಂದು ಕಡೆ ಕಷ್ಟಪಟ್ಟು ಜಾಗ ಸಿಕ್ಕಿತು. ಅವರು ಉಳಿದರು. ಎಲ್ಲರೂ ಉಳಿಯಲಿಲ್ಲ. ಗಡಿಯಲ್ಲಿ ವಾಪಸು ಕಳಿಸಿದ ಮೇಲೆ ಚಿಕಿತ್ಸೆ ಸಿಗದೆ ತೀರಿಕೊಂಡವರ ಸುದ್ದಿ ಆ ದಿನಗಳಲ್ಲಿ ಒಂದರ ಹಿಂದೆ ಒಂದು ಬರುತ್ತಿತ್ತು. ಹೆಚ್ಚಿನವರು ಹೃದಯದ ಕಾಯಿಲೆಯವರು, ವಯಸ್ಸಾದವರು. ಬಿಹಾರದಿಂದ ಕೂಲಿಗೆ ಬಂದಿದ್ದ ಒಬ್ಬ ಹೆಂಗಸಿಗೆ ಆಂಬುಲೆನ್ಸಿನಲ್ಲೇ ಹೆರಿಗೆಯಾಯಿತು ಅಂತಲೂ ಪತ್ರಿಕೆಗಳಲ್ಲಿ ಬಂತು.

ಆಗ ನಡೆದ ಚರ್ಚೆಯನ್ನು ಈಗ ನೆನೆಸಿಕೊಂಡರೂ ಸಂಕಟವಾಗುತ್ತದೆ. ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಪ್ರಧಾನಿಗೆ ಪತ್ರ ಬರೆದರು. ಮಾಜಿ ಪ್ರಧಾನಿ ದೇವೇಗೌಡರು ಯಡಿಯೂರಪ್ಪನವರಿಗೆ ಪತ್ರ ಬರೆದು ಮಾನವೀಯತೆಯಿಂದ ದಾರಿ ಬಿಡಿ ಅಂದರು. ಜನರ ಆರೋಗ್ಯಕ್ಕಾಗಿಯೇ ಮುಚ್ಚಿದ್ದೇವೆ ಅನ್ನುವುದು ಯಡಿಯೂರಪ್ಪನವರ ಉತ್ತರ. ಅಲ್ಲಿಗೆ ವಿಷಯ ಆಸ್ಪತ್ರೆ ಬಿಟ್ಟು ರಾಜ್ಯಕ್ಕೆ ಹೋಯಿತು. 'ಪಿಣರಾಯಿಯಿಂದ ಕರ್ನಾಟಕ ಉಳಿಸಿ' ಅನ್ನುವ ಅರ್ಥದ ಹ್ಯಾಶ್‌ಟ್ಯಾಗ್ ಟ್ವಿಟರ್‌ನಲ್ಲಿ ಓಡಿತು. ಆಚೆಯಿಂದ ಕರ್ನಾಟಕದವರಿಗೆ ಕರುಣೆಯೇ ಇಲ್ಲ ಅನ್ನುವ ಬೈಗುಳ. ಈಚೆಯಿಂದ "ನೂರಕ್ಕೆ ನೂರು ಸಾಕ್ಷರತೆ ಅಂತೀರಲ್ಲ, ನಿಮ್ಮಲ್ಲಿ ಒಂದು ಆಸ್ಪತ್ರೆ ಇಲ್ವಾ" ಅನ್ನುವ ಪ್ರಶ್ನೆ. ಆ ಪ್ರಶ್ನೆ ಸರಿಯಾದದ್ದೇ. ಕಾಸರಗೋಡನ್ನು ತಿರುವನಂತಪುರ ದಶಕಗಟ್ಟಲೆ ಮರೆತಿತ್ತು, ಇದನ್ನು ನಾವು ಅಲ್ಲಿಯ ಜನ ಯಾವತ್ತಿನಿಂದಲೂ ಹೇಳುತ್ತಾ ಬಂದಿದ್ದೇವೆ. ಆದರೆ ಸರ್ಕಾರವೊಂದು ಆಸ್ಪತ್ರೆ ಕಟ್ಟದೇ ಹೋದ ತಪ್ಪಿಗೆ ದಂಡ ಕಟ್ಟಬೇಕಾದವಳು ಕಾಲು ಊದಿಸಿಕೊಂಡು ಕೂತ ನನ್ನ ಅತ್ತೆಯಾ?

ಇನ್ನೊಂದು ಮಾತು ಹೇಳದೆ ಇರಲಿಕ್ಕೆ ಆಗುವುದಿಲ್ಲ. ಪ್ರತಿ ವರ್ಷ ನವೆಂಬರ್ 1 ಬಂದರೆ ಕಾಸರಗೋಡು ಕನ್ನಡ ನೆಲ ಅನ್ನುವ ಭಾಷಣ ಕೇಳುತ್ತೇವೆ. ಚಂದ್ರಗಿರಿ ಹೊಳೆಯ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ವಿವಾದದ ಮಹಾಜನ ಆಯೋಗದ ವರದಿ ಹೇಳಿದ್ದನ್ನು ಎಲ್ಲರೂ ನೆನಪಿಸುತ್ತಾರೆ. ನಮ್ಮ ಅಜ್ಜಂದಿರು ಆ ಹೋರಾಟದಲ್ಲಿ ಕೂಗಿ ಗಂಟಲು ಹರಿದುಕೊಂಡವರು. 2020ರ ಆ ವಾರಗಳಲ್ಲಿ, ತಡೆದು ನಿಲ್ಲಿಸಿದ ಆಂಬುಲೆನ್ಸ್‌ಗಳ ಒಳಗಿದ್ದವರಲ್ಲಿ ಕನ್ನಡದವರು, ತುಳುವರು ಎಷ್ಟೋ ಜನ. ಆಗ ಅವರು ಕನ್ನಡಿಗರಾಗಿ ಕಾಣಲಿಲ್ಲ, 'ಕೇರಳದ ಪೇಷೆಂಟು'ಗಳಾಗಿ ಕಂಡರು. ಬೆಂಗಳೂರಿನ ನನ್ನ ಗೆಳೆಯರೇ "ಆ ಕೇರಳದವರನ್ನು ಬಿಡಬಾರದು" ಅಂತ ಸ್ಟೇಟಸ್ ಹಾಕಿಕೊಂಡಿದ್ದರು. ಮಲಯಾಳಿಯಾದರೆ ಬಿಡಬಾರದು, ಕನ್ನಡಿಗನಾದರೆ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಉಸಿರು ಕಟ್ಟಿದವನಿಗೆ ಯಾವ ಭಾಷೆಯಾದರೂ ಒಂದೇ. ನೆಲ ನಮ್ಮದು ಅನ್ನುವಾಗ ಬಾಯ್ತುಂಬ ಕರೆದ ಜನರನ್ನು ಕಷ್ಟ ಬಂದಾಗ ಬೇರೆ ರಾಜ್ಯದವರು ಅಂದದ್ದು ನಮ್ಮೂರಿನ ಹಿರಿಯರಿಗೆ ಎಷ್ಟು ನೋವು ಕೊಟ್ಟಿತು ಅನ್ನುವುದು ಈಚೆಯವರಿಗೆ ಗೊತ್ತಾಗಬೇಕು ಅಷ್ಟೇ.

ಕೊನೆಗೆ ವಿಷಯ ಕೋರ್ಟಿಗೆ ಹೋಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ತುರ್ತು ಚಿಕಿತ್ಸೆಗೆ ಹೋಗುವವರಿಗೆ ರಾಷ್ಟ್ರೀಯ ಹೆದ್ದಾರಿಯ ತಡೆ ತೆಗೆಸುವುದು ಕೇಂದ್ರ ಸರ್ಕಾರದ ಕೆಲಸ, ತಕ್ಷಣ ತೆಗೆಸಿ ಅಂತ ಹೇಳಿತು. ಓಡಾಟದ ಹಕ್ಕು, ಜೀವದ ಹಕ್ಕು ಎರಡನ್ನೂ ಎತ್ತಿ ಹಿಡಿಯಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಕಾಸರಗೋಡಿನ ಸಂಸದರೂ ಹೋದರು. ಎರಡೂ ರಾಜ್ಯಗಳನ್ನು ಕೂರಿಸಿ ಮಾತಾಡಿ ಅಂತ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು. ಏಪ್ರಿಲ್ 7ರಂದು, ರೋಗಿಗಳನ್ನು ಬಿಡುವ ಕ್ರಮ ಒಪ್ಪಿಗೆಯಾಗಿದೆ ಅಂತ ಕೇಂದ್ರದ ಕಡೆಯಿಂದ ಹೇಳಿದ ಮೇಲೆ ಕೇಸು ಮುಗಿಯಿತು.

ಆ ಕ್ರಮದಲ್ಲಿ ಇದ್ದದ್ದಾದರೂ ಏನು? ಕಾಯಿಲೆಗೆ ಆಚೆ ಕಡೆ ಚಿಕಿತ್ಸೆ ಇಲ್ಲ, ಇದು ಕೊರೊನಾ ಅಲ್ಲ ಅನ್ನುವ ವೈದ್ಯರ ಸರ್ಟಿಫಿಕೇಟು. ತಲಪಾಡಿಯಲ್ಲಿ ಕರ್ನಾಟಕದ ಡಾಕ್ಟರ್ ಒಬ್ಬರಿಂದ ತಪಾಸಣೆ. ಇಂಥ ಆಸ್ಪತ್ರೆಗೇ ಹೋಗಬೇಕು ಅನ್ನುವ ನಿಗದಿ. ಇದರಲ್ಲಿ ಯಾವುದು ಮಾರ್ಚ್ ಕೊನೆಯಲ್ಲಿ ಸಾಧ್ಯವಿರಲಿಲ್ಲ? ಒಂದು ಟೆಂಟು, ಇಬ್ಬರು ಡಾಕ್ಟರು, ಒಂದು ಫೋನ್ ನಂಬರು. ಮಣ್ಣು ಹೊರಲಿಕ್ಕೆ ಟಿಪ್ಪರ್ ಹೊಂದಿಸಿದ ಆಡಳಿತಕ್ಕೆ ಇದನ್ನು ಹೊಂದಿಸುವುದು ಕಷ್ಟವಿತ್ತಾ? ಎರಡು ಜಿಲ್ಲೆಯ ಅಧಿಕಾರಿಗಳು ಒಂದು ಮಧ್ಯಾಹ್ನ ಕೂತು ಬರೆಯಬಹುದಾಗಿದ್ದ ಒಂದು ಪುಟದ ಕಾಗದಕ್ಕೆ ಹೈಕೋರ್ಟ್ ಬೇಕಾಯಿತು, ಸುಪ್ರೀಂ ಕೋರ್ಟ್ ಬೇಕಾಯಿತು, ನಡುವೆ ಜೀವಗಳು ಹೋದವು.

ಆ ಹೊತ್ತಿಗೆ ಯಾರಿಗೂ ಗೊತ್ತಿರದಿದ್ದ ಒಂದು ಸಂಗತಿ ಇದೆ. ಕಾಸರಗೋಡಿನಲ್ಲಿ ಆ ಮೊದಲ ಸುತ್ತಿನಲ್ಲಿ ಸೋಂಕು ತಗುಲಿ ಆಸ್ಪತ್ರೆ ಸೇರಿದವರೆಲ್ಲ ಮೇ ತಿಂಗಳ ಹೊತ್ತಿಗೆ ಗುಣವಾಗಿ ಮನೆಗೆ ಹೋದರು. ಒಂದು ಸಾವೂ ಆಗಲಿಲ್ಲ. ಅಲ್ಲಿಯ ಜನರಲ್ ಆಸ್ಪತ್ರೆ, ತರಾತುರಿಯಲ್ಲಿ ತೆರೆದ ಉಕ್ಕಿನಡ್ಕದ ಕಟ್ಟಡ, ಪರಿಯಾರಂ, ಎಲ್ಲರೂ ಸೇರಿ ದುಡಿದು ಮಾಡಿದ ಕೆಲಸ ಅದು. ಅಂದರೆ ಆ ವಾರಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಕೊರೊನಾದಿಂದ ಸತ್ತವರು ಯಾರೂ ಇಲ್ಲ, ಮುಚ್ಚಿದ ಗಡಿಯಿಂದ ಸತ್ತವರು ಇದ್ದಾರೆ. ಗಡಿ ತೆರೆದಿಟ್ಟಿದ್ದರೆ ಸೋಂಕು ಈಚೆಗೆ ಬಂದು ಬೇರೆ ಜೀವಗಳು ಹೋಗುತ್ತಿದ್ದವೇನೋ ಅಂತ ಯಾರಾದರೂ ಕೇಳಬಹುದು. ಕೇಳಲಿ. ಪೂರ್ತಿ ತೆರೆದಿಟ್ಟಿದ್ದರೆ ಆಗುತ್ತಿತ್ತೋ ಏನೋ. ಹೃದಯ ನಿಲ್ಲುತ್ತಿರುವವನ ಆಂಬುಲೆನ್ಸ್ ಒಂದನ್ನು ತಪಾಸಣೆ ಮಾಡಿ ಬಿಟ್ಟಿದ್ದರೆ ಆಗುತ್ತಿರಲಿಲ್ಲ.

ಆಮೇಲೆ ಆದದ್ದನ್ನೂ ಬರೆಯಬೇಕು. ಜುಲೈ ಬರುವಷ್ಟರಲ್ಲಿ ದಕ್ಷಿಣ ಕನ್ನಡದಲ್ಲಿ ಸೋಂಕು ಜೋರಾಯಿತು. ಈಗ ಹೆದರಿಕೆ ಆಚೆ ಕಡೆಯವರದ್ದು. ಮಂಗಳೂರಿಗೆ ಕೆಲಸಕ್ಕೆ ದಿನಾ ಹೋಗಿಬರುವುದಕ್ಕೆ ಕಾಸರಗೋಡು ಕಡೆಯಿಂದಲೇ ತಡೆ ಬಂತು. ಹೋದರೆ ಅಲ್ಲೇ ಇರಿ ಅಂದರು. ಅಂಗಡಿ, ಆಸ್ಪತ್ರೆ, ಕಾಲೇಜು ಅಂತ ಕೆಲಸ ಮಾಡುತ್ತಿದ್ದ ಎಷ್ಟೋ ಹುಡುಗಿಯರು ಕೆಲಸ ಬಿಡಬೇಕಾಯಿತು. ಮಾರ್ಚಿನಲ್ಲಿ ಕರುಣೆಯ ಬಗ್ಗೆ ಮಾತಾಡಿದವರು ಜುಲೈಯಲ್ಲಿ ಸುಮ್ನಿದ್ದರು, ಮಾರ್ಚಿನಲ್ಲಿ ಬಂದ್ ಮಾಡಿ ಅಂದವರಿಗೆ ಜುಲೈಯಲ್ಲಿ ಸಿಟ್ಟು ಬಂತು. 2021ರ ಆಗಸ್ಟಿನಲ್ಲಿ ಮತ್ತೆ ಕರ್ನಾಟಕದ ಸರದಿ: ಎರಡು ಡೋಸ್ ಲಸಿಕೆ ಆಗಿದ್ದರೂ 72 ತಾಸಿನೊಳಗಿನ ಆರ್‌ಟಿಪಿಸಿಆರ್ ವರದಿ ತೋರಿಸಿ ಅಂದರು. ಕಾಸರಗೋಡಿನಿಂದ ಬರುವ ಬಸ್ಸು ತಲಪಾಡಿಯ ಆಚೆ ನಿಲ್ಲುತ್ತಿತ್ತು. ಜನ ಇಳಿದು, ಬ್ಯಾಗು ಹೊತ್ತು, ನಡೆದು ಬಂದು ಈಚೆಯ ಸಿಟಿ ಬಸ್ಸು ಹತ್ತುತ್ತಿದ್ದರು. ಪರೀಕ್ಷೆಗೆ ಹೋಗುವ ಮಕ್ಕಳು, ನರ್ಸಿಂಗ್ ಓದುವವರು ಮೂಗಿಗೆ ಕಡ್ಡಿ ಹಾಕಿಸಿಕೊಂಡು ವರದಿಗೆ ಕಾಯಬೇಕಿತ್ತು.

ಹಾಗಾದರೆ ಓಡಾಟ ತಡೆಯುವುದರಿಂದ ಉಪಯೋಗವೇ ಇಲ್ಲವಾ? ಇದೆ. ಆರಂಭದಲ್ಲಿ, ರೋಗ ಇನ್ನೂ ಒಳಗೆ ಬರದೆ ಇರುವಾಗ, ಸಮಯ ಸಿಗುತ್ತದೆ. ವುಹಾನ್ ನಗರವನ್ನು 2020ರ ಜನವರಿ 23ರಂದು ಮುಚ್ಚಿದ ಬಗ್ಗೆ ಅದೇ ವರ್ಷ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಹೇಳುವುದು ಹೀಗೆ: ಚೀನಾದೊಳಗೆ ಹರಡುವುದು ಮೂರರಿಂದ ಐದು ದಿನ ಮಾತ್ರ ತಡವಾಯಿತು, ಹೊರದೇಶಗಳಿಗೆ ಹೋಗುವ ಸೋಂಕು ಫೆಬ್ರವರಿ ನಡುವಿನವರೆಗೆ ಸುಮಾರು ನೂರಕ್ಕೆ ಎಂಬತ್ತರಷ್ಟು ಕಡಿಮೆಯಾಯಿತು. ಆದರೆ ಊರೊಳಗೆ ಹರಡುವುದನ್ನು ಕಡಿಮೆ ಮಾಡದೆ ಬರೀ ಓಡಾಟ ನಿಲ್ಲಿಸಿದರೆ ಹೆಚ್ಚು ಪ್ರಯೋಜನವಿಲ್ಲ ಅಂತಲೂ ಅದೇ ಅಧ್ಯಯನ ಹೇಳಿತು. ನ್ಯೂಜಿಲೆಂಡ್ ಸಮುದ್ರದ ನಡುವಿನ ದೇಶ, ಬಾಗಿಲು ಹಾಕಿಕೊಂಡು ಆ ಸಮಯವನ್ನು ಚೆನ್ನಾಗಿ ಬಳಸಿಕೊಂಡಿತು. ತಲಪಾಡಿ ನ್ಯೂಜಿಲೆಂಡ್ ಅಲ್ಲ. ತೋಟದ ಬೇಲಿ ದಾಟಿದರೆ ರಾಜ್ಯ ದಾಟುತ್ತದೆ ಅಲ್ಲಿ.

ತಡವಾಗಿ ಮುಚ್ಚುವುದು ಎಷ್ಟು ವ್ಯರ್ಥ ಅನ್ನುವುದಕ್ಕೆ ಸಾಕ್ಷಿ ಬೆಂಗಳೂರಿನಲ್ಲೇ ಇದೆ. 2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಹೊಸ ತಳಿಯ ಬಗ್ಗೆ ಜಗತ್ತಿಗೆ ತಿಳಿಸಿದರು. ಎರಡು ದಿನದಲ್ಲಿ ಅದಕ್ಕೆ ಒಮಿಕ್ರಾನ್ ಅಂತ ಹೆಸರಾಯಿತು, ದೇಶಗಳು ಒಂದಾದ ಮೇಲೊಂದು ಆ ಕಡೆಯ ವಿಮಾನ ನಿಲ್ಲಿಸಿದವು. ವಿಶ್ವಸಂಸ್ಥೆಯ ಮುಖ್ಯಸ್ಥ ಗುಟೆರಸ್ ಇದನ್ನು ಪ್ರಯಾಣದ ವರ್ಣಭೇದ ಅಂತ ಖಂಡಿಸಿದರು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಪ್ರಕಟವಾದವು, ಎರಡೂ ಕರ್ನಾಟಕದ್ದು. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು. ಇನ್ನೊಬ್ಬರು ಬೆಂಗಳೂರಿನ ಒಬ್ಬ ವೈದ್ಯರು, ಯಾವ ದೇಶಕ್ಕೂ ಹೋಗಿರಲಿಲ್ಲ. ಜಗತ್ತಿಗೆ ಸುದ್ದಿ ತಿಳಿಯುವ ಮೊದಲೇ ಅವರಿಗೆ ಜ್ವರ ಬಂದಿತ್ತು. ತಳಿ ಕಂಡುಹಿಡಿದು ಪ್ರಾಮಾಣಿಕವಾಗಿ ಹೇಳಿದ ದೇಶಕ್ಕೆ ಶಿಕ್ಷೆಯಾಯಿತು, ತಳಿ ಮಾತ್ರ ಅಷ್ಟು ಹೊತ್ತಿಗೆ ನಮ್ಮ ಬೀದಿಯಲ್ಲಿತ್ತು.

ಅದಕ್ಕೂ ಮೊದಲು, 2021ರ ಮೇ ತಿಂಗಳಲ್ಲಿ, ಭಾರತದಲ್ಲಿದ್ದ ತನ್ನ ಪ್ರಜೆಗಳೇ ವಾಪಸು ಬಂದರೆ ಐದು ವರ್ಷದವರೆಗೆ ಜೈಲು ಅಥವಾ 66,600 ಡಾಲರ್ ದಂಡ ಹಾಕಬಹುದು ಅಂತ ಆಸ್ಟ್ರೇಲಿಯಾ ಆದೇಶ ಮಾಡಿತು. ನಡು ಮೇವರೆಗೆ ಅದು ಜಾರಿಯಲ್ಲಿತ್ತು. ತಂದೆ ತಾಯಿಯನ್ನು ನೋಡಲಿಕ್ಕೆ ಬಂದಿದ್ದ ಮೆಲ್ಬರ್ನ್, ಸಿಡ್ನಿಯ ನಮ್ಮವರಿಗೆ ಆಗ ಮಂಜೇಶ್ವರದವರ ಪರಿಸ್ಥಿತಿ ಚೆನ್ನಾಗಿ ಅರ್ಥವಾಗಿರಬೇಕು.

ಕರಾವಳಿಯವರೇ ಎದುರಿಸಿದ ಇನ್ನೊಂದು ಪ್ರಶ್ನೆ ಮುಂಬೈಯವರದ್ದು. ಇದನ್ನು ಬಿಟ್ಟರೆ ಮಾತು ಪೂರ್ತಿಯಾಗುವುದಿಲ್ಲ. ಉಡುಪಿ ಜಿಲ್ಲೆಯ ಮನೆಮನೆಯಿಂದಲೂ ಒಬ್ಬರಾದರೂ ಮುಂಬೈಯಲ್ಲಿದ್ದಾರೆ. ಹೋಟೆಲು, ಕ್ಯಾಂಟೀನು, ಆಫೀಸು. ಊರಿನ ದೈವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ, ಬ್ರಹ್ಮಕಲಶಕ್ಕೆ ಮೊದಲ ಚೀಟಿ ಹೋಗುವುದೇ ಮುಂಬೈ ಸಮಿತಿಗೆ. 2020ರ ಮೇ ತಿಂಗಳಲ್ಲಿ ಹೋಟೆಲುಗಳು ಮುಚ್ಚಿ, ಸಣ್ಣ ಖೋಲಿಗಳಲ್ಲಿ ಏಳೆಂಟು ಜನ ಒಟ್ಟಿಗೆ ಕೂತು, ಅವರು ಊರಿಗೆ ಬರುತ್ತೇವೆ ಅಂದರು. ಕರ್ನಾಟಕ ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ಪಾಸಿಗೆ ಅರ್ಜಿ ಹಾಕಿದರು. ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಮಕ್ಕಳು ಮುದುಕರ ಜೊತೆ ಬಿಸಿಲಿನಲ್ಲಿ ಕಾದರು. ಊರಿನ ವಾಟ್ಸಾಪ್ ಗುಂಪುಗಳಲ್ಲಿ ಮಾತ್ರ "ಮುಂಬೈಯವರು ಬಂದ್ರೆ ನಮ್ಮ ಗತಿ ಏನು" ಅನ್ನುವ ಮೆಸೇಜುಗಳು.

ಬಂದರು. ಹಸಿರು ವಲಯವಾಗಿದ್ದ ಉಡುಪಿಯಲ್ಲಿ ಜೂನ್ ಹೊತ್ತಿಗೆ ಸೋಂಕಿನ ಸಂಖ್ಯೆ ರಾಜ್ಯದಲ್ಲೇ ಅತಿ ಹೆಚ್ಚಾಯಿತು. ಟಿವಿಯಲ್ಲಿ ಕೆಂಪು ಅಕ್ಷರದಲ್ಲಿ ಆ ಸಂಖ್ಯೆ ತೋರಿಸಿ ಜನರನ್ನು ಹೆದರಿಸಿದರು. ಆದರೆ ಆ ಸಂಖ್ಯೆಯಲ್ಲಿ ದೊಡ್ಡ ಪಾಲು ಮಹಾರಾಷ್ಟ್ರದಿಂದ ಬಂದು ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಆದವರದ್ದು. ಬಂದವರನ್ನು ಬೇರೆ ಇಟ್ಟು, ಎಲ್ಲರ ಪರೀಕ್ಷೆ ಮಾಡಿದ್ದರಿಂದ ಸಿಕ್ಕಿದ ಸಂಖ್ಯೆ ಅದು. ಹೆಚ್ಚಿನವರಿಗೆ ಲಕ್ಷಣವೇ ಇರಲಿಲ್ಲ. ಸಾವು ಆಗ ಬೆರಳೆಣಿಕೆಯಷ್ಟು. ಬಾಗಿಲು ತೆರೆದೂ ಹುಷಾರಾಗಿರಬಹುದು ಅನ್ನುವುದನ್ನು ಉಡುಪಿ ಮಾಡಿ ತೋರಿಸಿತು. ಊರಿನ ಶಾಲೆಯ ಬೆಂಚು ಸರಿಸಿ ಹಾಸಿಗೆ ಹಾಕಿದವರು, ಗಂಜಿ ಊಟ ಹೊತ್ತು ತಂದವರು, ಆಶಾ ಕಾರ್ಯಕರ್ತೆಯರು, ಪಂಚಾಯತಿಯವರು ಮಾಡಿದ ಈ ಕೆಲಸದ ಬಗ್ಗೆ ನಮ್ಮಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಮೇ 18ರಂದು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಅಂತ ಕರ್ನಾಟಕ ಹೇಳಿತು. ಪಾಸಿಗೆ ಅರ್ಜಿ ಹಾಕಿ ಕೂತಿದ್ದ ಅರ್ಧ ಉಡುಪಿ ಅಲ್ಲಿ ಮುಂಬೈಯಲ್ಲೇ ಉಳಿಯಿತು.

ಒಳಗೆ ಬಿಡದೆ ಇರುವುದು ಒಂದು, ಹೊರಗೆ ಹೋಗಲು ಬಿಡದೆ ಇರುವುದು ಇನ್ನೊಂದು. ಅದೇ ಮೇ ತಿಂಗಳ ಮೊದಲ ವಾರ ಬೆಂಗಳೂರಿನ ಕಟ್ಟಡ ಕೆಲಸದವರು ಊರಿಗೆ ಹೋಗಲಿಕ್ಕೆ ಶ್ರಮಿಕ್ ರೈಲು ಕಾಯುತ್ತಿದ್ದರು. ಕಟ್ಟಡ ಉದ್ಯಮದವರ ಜೊತೆ ಸರ್ಕಾರದ ಸಭೆ ಆಯಿತು. ಅದಾದ ಮೇಲೆ ರೈಲು ಬೇಡ ಅಂತ ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ದೇಶದ ತುಂಬ ಟೀಕೆ ಬಂದು ಒಂದೆರಡು ದಿನದಲ್ಲಿ ಆ ನಿರ್ಧಾರ ವಾಪಸಾಯಿತು. ಅಲ್ಲಿ ರೋಗದ ಮಾತೇ ಇರಲಿಲ್ಲ, ಕೆಲಸ ನಿಲ್ಲಬಾರದು ಅನ್ನುವುದಷ್ಟೇ ಇತ್ತು. ಓಡಾಟ ನಿಲ್ಲಿಸುವ ಅಧಿಕಾರ ಒಮ್ಮೆ ಕೈಗೆ ಬಂದರೆ ಅದು ರೋಗಕ್ಕೆ ಮಾತ್ರ ಬಳಕೆಯಾಗುತ್ತದೆ ಅಂತ ನಂಬಿ ಕೂರಬಾರದು.

ಈ ಅಧಿಕಾರದ ಬೇರು ಹಳೆಯದು. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂದಾಗ ಬ್ರಿಟಿಷರು ಮರುವರ್ಷ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿದರು. 1898ರಲ್ಲಿ ಪ್ಲೇಗ್ ಬೆಂಗಳೂರಿಗೂ ಬಂತು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಪ್ಲೇಗಮ್ಮನ ಗುಡಿಗಳು ಈಗಲೂ ಇವೆ. ನಾಲ್ಕೈದು ಕಲಮುಗಳ ಪುಟ್ಟ ಕಾನೂನು ಅದು. ರೈಲು, ಹಡಗಿನ ಪ್ರಯಾಣಿಕರನ್ನು ತಪಾಸಣೆ ಮಾಡಬಹುದು, ತಡೆದಿಡಬಹುದು, ಮಾತು ಕೇಳದವರಿಗೆ ಶಿಕ್ಷೆ, ಅಧಿಕಾರಿಗಳ ಮೇಲೆ ಕೇಸು ಹಾಕುವಂತಿಲ್ಲ. ತಡೆದಿಟ್ಟ ಮನುಷ್ಯನಿಗೆ ಬೇರೆ ಕಾಯಿಲೆ ಇದ್ದರೆ ಏನು ಮಾಡಬೇಕು ಅನ್ನುವ ಒಂದು ಸಾಲೂ ಅದರಲ್ಲಿ ಇಲ್ಲ. 2020ರಲ್ಲಿ ಕರ್ನಾಟಕ ತನ್ನ ಕೋವಿಡ್ ನಿಯಮಗಳನ್ನು ಮಾಡಿದ್ದು ಇದೇ ಕಾಯ್ದೆಯ ಕೆಳಗೆ. ಪರದೇಶದ ಸರ್ಕಾರ ತನ್ನ ಕೈಕೆಳಗಿನ ಜನರಿಗಾಗಿ ಮಾಡಿದ ಕಾನೂನಿನಲ್ಲಿ ಆ ಸಾಲು ಇರದಿದ್ದರೆ ಅರ್ಥವಾಗುತ್ತದೆ. ನಾವು ಓಟು ಹಾಕಿ ಆರಿಸಿದ ಸರ್ಕಾರಗಳು ಅದನ್ನು ಸೇರಿಸಲಿಕ್ಕೆ ಇನ್ನೂ ಎಷ್ಟು ರೋಗ ಬರಬೇಕು?

ಸ್ವಲ್ಪ ಬುದ್ಧಿ ಬಂದಿದೆ ಅಂತ ಅನಿಸಿದ್ದು 2023ರ ನಿಪಾ ಹೊತ್ತಿನಲ್ಲಿ. ನಿಪಾ ಕೊರೊನಾದ ಹಾಗಲ್ಲ, ತಗುಲಿದವರಲ್ಲಿ ಸಾಯುವವರು ಬಹಳ ಜಾಸ್ತಿ. ಆದರೂ ಆಗ ಕರ್ನಾಟಕ ಮಣ್ಣು ಸುರಿಯಲಿಲ್ಲ. ಸೋಂಕಿರುವ ಕಡೆಗೆ ಅನಗತ್ಯವಾಗಿ ಹೋಗಬೇಡಿ ಅಂದಿತು, ಗಡಿ ಜಿಲ್ಲೆಗಳಲ್ಲಿ ಜ್ವರದ ತಪಾಸಣೆ ಇಟ್ಟಿತು. ಬಸ್ಸು ಓಡಿತು. ಅತ್ತೆಯಂಥವರು ಆಸ್ಪತ್ರೆಗೆ ಹೋದರು, ಬಂದರು.

ಆದರೆ ಅದು ಆಗಿನ ಅಧಿಕಾರಿಗಳು ತೋರಿದ ವಿವೇಕ, ಕಾಗದದಲ್ಲಿ ಬರೆದಿಟ್ಟ ನಿಯಮವಲ್ಲ. ಮುಂದಿನ ಸಲ ಬೇರೆ ರೋಗ, ಬೇರೆ ಚುನಾವಣೆ, ಬೇರೆ ಹ್ಯಾಶ್‌ಟ್ಯಾಗ್ ಇದ್ದರೆ ಮತ್ತೆ ಟಿಪ್ಪರ್ ಬರುವುದಿಲ್ಲ ಅಂತ ಯಾರೂ ಹೇಳಲಾರರು. ಅದಕ್ಕೇ ನಾನು ಕೇಳುವುದು ಇಷ್ಟು. ರೋಗ ಇಲ್ಲದ ಈ ಹೊತ್ತಿನಲ್ಲೇ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಜಿಲ್ಲಾಧಿಕಾರಿಗಳು, ಎರಡೂ ಕಡೆಯ ಜಿಲ್ಲಾ ಆರೋಗ್ಯಾಧಿಕಾರಿಗಳು ಕೂತು ಒಂದು ಒಪ್ಪಂದ ಬರೆಯಲಿ. ಡಯಾಲಿಸಿಸ್, ಕ್ಯಾನ್ಸರ್, ಹೃದಯ, ಹೆರಿಗೆ, ಅಪಘಾತ, ಇವರ ಗಾಡಿ ಯಾವ ದಾರಿಯಲ್ಲಿ ಬರಬೇಕು, ಗಡಿಯಲ್ಲಿ ಯಾವ ಡಾಕ್ಟರ್ ನೋಡಬೇಕು, ರಾತ್ರಿ ಎರಡು ಗಂಟೆಗೆ ಯಾವ ನಂಬರಿಗೆ ಫೋನ್ ಮಾಡಬೇಕು, ಕನ್ನಡ, ತುಳು, ಮಲಯಾಳಂ ಮೂರೂ ಬಲ್ಲವರು ಆ ಫೋನ್ ಎತ್ತಬೇಕು. ಗಡಿಯಲ್ಲಿ ಸುಮ್ನೆ ಮಣ್ಣು ಸುರಿಯಬಾರದು, ಮನುಷ್ಯರೇ ನಿಂತಿರಬೇಕು ಅನ್ನುವ ಷರತ್ತೂ ಇರಲಿ. ಕೊಡಗು–ಕಣ್ಣೂರು, ಚಾಮರಾಜನಗರ–ವಯನಾಡ್, ಬೆಳಗಾವಿ–ಕೊಲ್ಹಾಪುರದವರೂ ಇದನ್ನೇ ಮಾಡಲಿ. ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಹೆಸರಿಗಷ್ಟೇ ಅಲ್ಲದೆ ಪೂರ್ತಿಯಾಗಿ ನಡೆಯಬೇಕು ಅಂತ ಕೇರಳ ಸರ್ಕಾರವನ್ನು ಕೇಳುವುದಂತೂ ನಾವು ನಿಲ್ಲಿಸುವುದಿಲ್ಲ.

ಈ ಕಡೆಯ ಶಾಸಕರು, ಸಂಸದರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದು ಒಂದೇ ಪ್ರಶ್ನೆ. ನಾಳೆ ಬೆಳಿಗ್ಗೆ ಮತ್ತೆ ಗಡಿ ಮುಚ್ಚುವ ಆದೇಶ ಬಂದರೆ, ಮಂಜೇಶ್ವರದಲ್ಲಿ ಡಯಾಲಿಸಿಸ್‌ಗೆ ಹೊರಟು ಬಸ್ ಸ್ಟ್ಯಾಂಡಿನಲ್ಲಿ ನಿಂತವರು ಯಾರಿಗೆ ಫೋನ್ ಮಾಡಬೇಕು?